ಎರಡು ಗಿಣಿ ಸೋಪು

ಹಿರಿಯೂರು
14-8-1977

ಚಿ. ಗಂಗಿಗೆ ವೀರಕ್ಕನ ಆಶೀರ್ವಾದ.

ಹೊಸದುರ್ಗದಾಗೆ ಅಂಚೆ ಪೆಟ್ಟಿಗೆ ಯಾರಾದ್ರೂ ಕಿತ್ಕಂಡು ಹೋದ್ರೇನೇ? ಉಗಾದಿಗೆ ಒಂದು ಕಾಗದ ಹಾಕಿದೋಳು ಮತ್ತೆ ಸುದ್ದಿನೇ ಇಲ್ಲ. ನಾಳೆ ನಾಡಿದ್ದು ಶ್ರಾವಣ ಹಿಡೀತೈತೆ. ನಾನೇ ಸೋತು ಬರೀತಾ ಇದ್ದೀನಿ, ಗೆದ್ದೆ ಅಂತ ಬೀಗಬ್ಯಾಡ.

ಮೊನ್ನೆ ಮಠದ ಅಯ್ಯನೋರು ಮನೆಗೆ ಬಂದಿದ್ರು. ಪ್ರಸಾದ ಆದ ಮ್ಯಾಲೆ ನಿಮ್ಮ ಭಾವನ್ನ ಕೇಳಿದ್ರು, "ಏನಪ್ಪ ಶಿವಕುಮಾರಪ್ಪ, ಸಂತೆ ಪಾಲು ನೆಟ್ಟಗೆ ನಡೀತಾ ಐತಾ?" ಅಂತ. ನನಗೆ ಆ ದಿನ ಕಣ್ಣಿಗೆ ಕಟ್ಟಿದಂಗಾತು. ಒಂದು ಸೋಪಿನ ಶೆಡ್ಡು ಎರಡು ಸಂಸಾರ ಸಾಕಲ್ಲ ಅಂತ ಷಡ್ಡಕರಿಬ್ಬರೂ ಬ್ಯಾರೆ ಆದಾಗ ಇದೇ ಅಯ್ಯನೋರ ಮುಂದೆ ತಾನೆ ವಿಭೂತಿ ಮುಟ್ಟಿದ್ದು? ಹೊಸದುರ್ಗ, ಹೊಳಲ್ಕೆರೆ ಸಂತೆ ನಿಮ್ಮದು. ಹಿರಿಯೂರು, ಜವನಗೊಂಡನಹಳ್ಳಿ, ಚಿತ್ರದುರ್ಗ ನಮ್ಮದು. ಒಬ್ಬರ ಸಂತೆಯಾಗೆ ಇನ್ನೊಬ್ಬರು ಸೋಪಿನ ಗಂಟು ಬಿಚ್ಚಬಾರದು. ಮಾರ್ಕು ಮಾತ್ರ ಇಬ್ಬರಿಗೂ ಒಂದೇ, ಎರಡು ಗಿಣಿ.

ಅಪ್ಪ ಮದಕರಿಪುರದ ಮನೆ ಗೋಡೆ ಮ್ಯಾಲೆ ಕೆಮ್ಮಣ್ಣಿನಾಗೆ ಬರೆದ ಗಿಣಿಗಳು ನೆನಪೈತಾ? ಇದು ವೀರಿ, ಇದು ಗಂಗಿ, ಎದುರಾಬದುರು ಕುಂತು ಜಗಳ ಆಡ್ತಾ ಅವೆ ಅಂತ ನಗ್ತಿದ್ದ. ಅವೇ ಗಿಣಿ ಅಚ್ಚಿನಾಗೆ ಬಂದು ನಮ್ಮೆಲ್ಲರಿಗೂ ಅನ್ನ ಹಾಕಿದ್ವು.

ಮರುಳಸಿದ್ದಪ್ಪ ತೀರಿಕಂಡಾಗ, ಗಂಡ ಇಲ್ಲದೋಳು ಶೆಡ್ಡು ನಡೆಸ್ತಾಳಾ ಅಂತ ನಕ್ಕೋರು ಈಗ ಬಾಯಿ ಮುಚ್ಕಂಡು ನಿನ್ನ ಸೋಪಲ್ಲೇ ಬಟ್ಟೆ ಒಗೀತಾರೆ. ನನಗೆ ಅದೇ ಸಂತೋಷ. ಇಲ್ಲಿ ವ್ಯಾಪಾರ ಈಗೀಗ ಜೋರು. ದಿನಾ ಕಡಾಯಿ ಇಳಿಸಿ ಹತ್ತಿಸಿ ನನ್ನ ರಟ್ಟೆ ಬಿದ್ದೋಗ್ಯಾವೆ. ಅಷ್ಟು ಸೋಪು ಎಲ್ಲಿಗೆ ಹೋಗ್ತಾ ಐತೆ ಅಂತ ನೀನು ಕೇಳಬ್ಯಾಡ, ನಾನೂ ಕೇಳಲ್ಲ. ಅಂತೂ ಇವರ ಮುಖ ಬೆಳಗೈತೆ, ಅಷ್ಟು ಸಾಕು.

ನಿನ್ನ ಅಕ್ಕ
ವೀರಮ್ಮ


ಹೊಸದುರ್ಗ
2-9-1977

ಅಕ್ಕನ ಪಾದಕ್ಕೆ ಗಂಗಿಯ ಶರಣು.

ಗೆದ್ದೆ, ಗೆದ್ದೆ, ಸಾವಿರ ಸಲ ಗೆದ್ದೆ. ಮೊದಲು ಬರೆದೋಳು ನೀನೇ ಅಂತ ಕಾಗದ ಎತ್ತಿಟ್ಟೀನಿ.

ಇಲ್ಲಿ ಎಲ್ಲಾ ಆರಾಮ. ಹೋದ ವಾರ ಊರಿಗೆ ಒಂದು ವ್ಯಾನು ಬಂದಿತ್ತು, ಮ್ಯಾಲೆ ಮೈಕು ಕಟ್ಕಂಡು. ಬೊಂಬಾಯಿ ಕಂಪನಿ ಸೋಪಂತೆ, ಹಳದಿ ಕಾಗದ ಸುತ್ತಿರ್ತಾರೆ. ಒಂದಿಷ್ಟು ಒಟ್ಟಿಗೆ ತಗಂಡರೆ ಬಾಚಣಿಗೆ ಪುಕ್ಕಟೆ. ನಮ್ಮ ಶೆಡ್ಡಿನ ದುರುಗಕ್ಕ ಸೊಂಟಕ್ಕೆ ಸೆರಗು ಸಿಗಿಸ್ಕಂಡು ಹೋಗಿ ಆ ವ್ಯಾನಿನೋನನ್ನ ಕೇಳಿದ್ಲು, "ಯಾಕಪ್ಪ, ನಿನ್ನ ಸೋಪಿನಾಗೆ ಕೊಳೆ ಹೋಗಲ್ಲ ಅಂತ ಬಾಚಣಿಗೇಲಿ ಕೆರಕಳಾಕೆ ಕೊಡ್ತೀಯೇನು?" ಇಡೀ ಬೀದಿ ಬಿದ್ದು ಬಿದ್ದು ನಕ್ತು. ನಕ್ಕೋರೆಲ್ಲ ಆಮೇಲೆ ಒಂದೊಂದು ಬಾಚಣಿಗೆ ತಗಂಡು ಹೋದ್ರು ಅನ್ನು.

ಪಾಕ ನೋಡೋಳು ನೀನು, ಅಚ್ಚು ಒತ್ತೋಳು ನಾನು, ಒಂದೇ ಶೆಡ್ಡಿದ್ದಾಗ ಹಿಂಗೇ ಅಲ್ಲವಾ ಇದ್ದದ್ದು. ಈಗ ಪಾಕಾನೂ ನಾನೇ ನೋಡಬೇಕು. ನೀನು ಒಂದು ಚೂರು ನಾಲಿಗೆಗೆ ಮುಟ್ಟಿಸಿ "ಕಾಸ್ಟಿಕ್ ಸೋಡ ಇನ್ನೂ ಚುರುಗುಡ್ತೈತೆ, ಇನ್ನಷ್ಟು ತಿರುವು" ಅಂತಿದ್ದೆ. ನಾನು ಮುಟ್ಟಿಸಿದ್ರೆ ನಾಲಿಗೆಗೆ ಬೊಬ್ಬೆ ಬರ್ತೈತೆ, ಗೊತ್ತಾಗೋದು ಏನೂ ಇಲ್ಲ.

ಇನ್ನೊಂದು ಪಜೀತಿ ಕೇಳು. ಹೊಂಗೆ ಎಣ್ಣೆ ದಲ್ಲಾಳಿ ಬಂದಾಗ ನನ್ನ ಪರವಾಗಿ ಪಾಲಯ್ಯನೇ ಟವಲ್ಲಿನ ಕೆಳಗೆ ಕೈ ಕೊಡಬೇಕು. ನಮ್ಮ ಗಾಡಿ ಹೊಡೆಯೋ ಪಾಲಯ್ಯ. ಹೆಂಗಸು ನಾನು, ಪರಗಂಡಸಿನ ಬೆರಳು ಹಿಡಿಯಂಗಿಲ್ಲವಲ್ಲ. ಇಬ್ಬರೂ ದೇವರ ಮುಂದೆ ಕುಂತೋರಂಗೆ ಮುಖ ಮಾಡ್ಕಂಡಿರ್ತಾರೆ, ಟವಲ್ಲಿನ ಕೆಳಗೆ ಬೆರಳು ಒತ್ತಾಡಿ ರೇಟು ಮಾತಾಡ್ತಿರ್ತಾರೆ. ಮುಗಿದ ಮ್ಯಾಲೆ "ಆತು ಬಿಡ್ರಿ, ಅಮ್ಮೋರೆ" ಅಂತಾನೆ. ದುಡ್ಡು ನಂದು, ಎಣ್ಣೆ ನಂದು, ಏನಾತು ಅಂತ ಎಲ್ಲರಿಗಿಂತ ಕೊನೆಗೆ ಗೊತ್ತಾಗೋದು ನನಗೇ!

ಭಾವನಿಗೆ ನಮಸ್ಕಾರ ತಿಳಿಸು. ದಸರೆಗೆ ಬಂದು ನಾಕು ದಿನ ಇದ್ದು ಹೋಗು.

ನಿನ್ನ
ಗಂಗಿ


ಹೊಸದುರ್ಗ
25-10-1977

ಅಕ್ಕನಿಗೆ ಶರಣು.

ದಸರೆಗೆ ನೀನು ಬರಲಿಲ್ಲ. ಯಾಕೆ ಅಂತ ಕೇಳಲ್ಲ. ಬ್ಯಾರೆ ಒಂದು ಕೇಳಬೇಕು, ಸುತ್ತಿ ಬಳಸಿ ಬರಿಯಾಕೆ ನನಗೆ ಬರಲ್ಲ.

ಹೊಳಲ್ಕೆರೆ ಸಂತೆಯಾಗೆ ಎರಡು ಗಿಣಿ ಸೋಪು ಗುಡ್ಡೆ ಹಾಕಿ ಮಾರ್ತಾ ಇದ್ರು. ನಾನು ಹಾಕೋ ಜಾಗದ ಎದುರಿಗೇ, ನನ್ನ ರೇಟಿಗಿಂತ ಕಡಿಮೆಗೆ. ಯಾವನೋ ಕಳ್ಳ ಅಚ್ಚು ಮಾಡಿಸ್ಯಾನೆ ಅಂದ್ಕಂಡು ಒಂದು ಕೈಗೆ ತಗಂಡು ನೋಡಿದೆ. ನಮ್ಮದು ಹೊಂಗೆ ಎಣ್ಣೇದು, ಹುರುಳಿಕಾಳಿನ ಬಣ್ಣ. ಇದು ಬೆಳ್ಳಗೆ, ಹಿಪ್ಪೆ ಎಣ್ಣೇದು. ಬಲಗಡೆ ಗಿಣಿ ಬಾಲ ತುಂಡಾಗಿತ್ತು. ನಿಮ್ಮ ಅಚ್ಚು ಕೆಳಗೆ ಬಿದ್ದು ಬಾಲ ಮುರಿದಾಗ ನಾನೂ ಅಲ್ಲೇ ಇದ್ನಲ್ಲ, ಅಕ್ಕ. ಆ ಸೋಪು ನಿಮ್ಮ ಕಡಾಯಿದು.

ಮಾರೋನನ್ನ ಕೇಳಿದ್ರೆ "ನಾವು ಕೂಲಿ ಮಾರೋರು, ನಮಗೇನು ಗೊತ್ತಮ್ಮ" ಅಂತಾನೆ. ದುರುಗಕ್ಕ, "ಮನೆ ದೀಪ ಅಂತ ಮುತ್ತಿಟ್ರೆ ಮೀಸೆ ಸುಡ್ತು ಕಣ್ರಮ್ಮ" ಅಂದ್ಲು. ನಾನು ಅವಳಿಗೆ ಬೈದೆ. ಬೈದು ಮನೆಗೆ ಬಂದು ಅತ್ತೆ.

ಒಂದೇ ಮಾತು ಕೇಳ್ತೀನಿ. ಭಾವ ಆ ಸೋಪು ಯಾರಿಗೆ ಕೊಟ್ರು, ಯಾವ ರೇಟಿಗೆ ಕೊಟ್ರು? ಒಂದು ಗೆರೆ ಬರಿ ಸಾಕು. ನೀನು ಏನು ಬರೆದ್ರೂ ನಂಬ್ತೀನಿ.

ಗಂಗಿ


ಹಿರಿಯೂರು
2-11-1977

ಚಿ. ಗಂಗಿಗೆ ಆಶೀರ್ವಾದ.

ನಿನ್ನ ಕಾಗದ ಬಂದು ಮುಟ್ಟಿತು. ವಿಭೂತಿ ಮುಟ್ಟಿದ ಮನುಷ್ಯ ಮಾತು ಮುರೀತಾರೇನೇ? ನಿಮ್ಮ ಭಾವ ಮುಂಗೋಪಿ ಇರಬೋದು, ಮೋಸಗಾರ ಅಲ್ಲ. ಮೊದಲ ಸಲ ಮಾರಿದ ಸೋಪಿನ ದುಡ್ಡಿನಾಗೆ ನಿನಗೆ ಸೀರೆ ತಂದು ಕೊಟ್ಟೋರು ಯಾರು? ನನಗಲ್ಲ, ನಿನಗೆ.

ರೇಟು ಕೇಳಿದ್ದೀಯ. ನಾನು ಕೇಳಿದೆ. ಉಣ್ಣಾಕೆ ಕುಂತೋರು ಗಂಗಾಳ ಪಕ್ಕಕ್ಕೆ ಸರಿಸಿ ಎದ್ದು ಹೋದ್ರು. "ಟವಲ್ಲಿನ ಕೆಳಗೆ ಆಡಿದ ಮಾತು ಟವಲ್ಲಿನ ಕೆಳಗೇ ಇರಬೇಕು. ಹೆಂಡತಿ ಮುಂದೆ ಬಿಚ್ಚಾಕೆ ಅದು ಬುತ್ತಿ ಗಂಟಲ್ಲ" ಅಂತ ಹೊರಗಿನಿಂದಲೇ ಕೂಗಿದ್ರು. ಅವರ ಅಪ್ಪನೂ ಹಿಂಗೇ ಇದ್ರಂತೆ. ಅದು ಈ ಮನೆ ರೀತಿ, ನಾನು ಏನು ಮಾಡ್ಲಿ?

ನಿನ್ನ ಕಣ್ಣೇ ತಪ್ಪು ನೋಡಿರಬೋದು. ಯಾರೋ ಚಿಲ್ಲರೆ ತಗಂಡೋರು ಅಲ್ಲಿಗೆ ತಂದಿರಬೋದು. ಇದನ್ನ ದೊಡ್ಡದು ಮಾಡಬ್ಯಾಡ, ನಿನಗೆ ಕೈ ಮುಗೀತೀನಿ.

ವೀರಮ್ಮ


ಹೊಸದುರ್ಗ
25-11-1977

ಹಿರಿಯೂರು ಶಿವಕುಮಾರಪ್ಪನವರ ಧರ್ಮಪತ್ನಿ ವೀರಮ್ಮನವರಿಗೆ,

ಒಂದು ಗೆರೆ ಕೇಳಿದ್ದೆ. ಒಂದು ಹಾಳೆ ಬರೆದ್ರಿ, ಆ ಗೆರೆ ಮಾತ್ರ ಬರೀಲಿಲ್ಲ.

ಹೊಳಲ್ಕೆರೆಯಾಗೆ ನಿಮ್ಮ ಸೋಪು ಇನ್ನೂ ಎರಡು ಸಂತೆ ಬಂತು. ನಮ್ಮ ಶೆಡ್ಡಿನ ಅರ್ಧ ಹೆಂಗಸರನ್ನ ಮನೆಗೆ ಕಳಿಸೀನಿ. ಬಾಚಣಿಗೆ ವ್ಯಾನು ಬಂದಾಗಿಂದಲೇ ವ್ಯಾಪಾರ ಬಿದ್ದಿತ್ತು, ಅದನ್ನ ಸೆಪ್ಟೆಂಬರಿನಾಗೇ ಬರೀಬೇಕಾಗಿತ್ತು, ನೀವು ಸಂಕಟ ಪಡ್ತೀರಿ ಅಂತ ಆರಾಮ ಅಂತ ಬರೆದೆ. ನನ್ನ ಹುಚ್ಚು.

ಸಂತೆ ಪಾಲು ಮುರಿದೋರು ನಾವಲ್ಲ. ಹೋದ ವಾರ ಜವನಗೊಂಡನಹಳ್ಳಿ ಸಂತೆಯಾಗೆ ನಮ್ಮ ಗಾಡಿ ನಿಲ್ಲಿಸಿದೆ. ಅಸಲಿಗಿಂತ ಕಡಿಮೆಗೆ ಮಾರಿದೆ. ಮುಂದಿನ ಸಂತೆಗೂ ಬರ್ತೀನಿ. ಭಾವನವರಿಗೆ ತಿಳಿಸಿ.

ಶಿವಗಂಗಮ್ಮ


ಹಿರಿಯೂರು
5-1-1978

ಗಂಗಿ,

ಬಹುವಚನ ಹಾಕಿ ಬರೆದೆಯಲ್ಲ, ನಾನು ಯಾವಾಗ ನಿನಗೆ ವೀರಮ್ಮನವರಾದೆನೇ? ಎದೆ ಹಾಲು ಬಿಟ್ಟ ಮ್ಯಾಲೆ ನನ್ನ ಸೊಂಟದ ಮ್ಯಾಲೇ ಬೆಳೆದೋಳು ನೀನು.

ಹೊಸದುರ್ಗದಿಂದ ಜವನಗೊಂಡನಹಳ್ಳಿಗೆ ಹಿರಿಯೂರು ದಾಟೇ ಹೋಗಬೇಕು. ನಮ್ಮ ಬೀದಿ ತುದಿಯಾಗೇ ನಿನ್ನ ಗಾಡಿ ಹೋತಂತೆ. ಎತ್ತಿಗೆ ನೀರು ಕುಡಿಸಾಕೆ ಪಾಲಯ್ಯ ತೊಟ್ಟಿ ಹತ್ರ ನಿಂತಿದ್ನಂತೆ, ನೀನು ಮುಸುಕು ಹಾಕ್ಕಂಡು ಗಾಡಿಯಾಗೇ ಕುಂತಿದ್ಯಂತೆ. ಎತ್ತು ನೀರು ಕುಡಿದ ಊರಿನಾಗೆ ನೀನು ಅಕ್ಕನ ಮನೆ ನೀರು ಕುಡೀಲಿಲ್ಲ. ಸಂತೆ ಮುರಿದಿದ್ದಕ್ಕೆ ನನಗೆ ಅಷ್ಟು ನೋವಿಲ್ಲ. ಇದಕ್ಕೆ ಐತೆ.

ಈಗ ಸಂತೆಯಾಗೆ ಜನ ನಗ್ತಾರೆ. "ಅಕ್ಕನ ಗಿಣಿ ಸೋವಿನೋ ತಂಗಿ ಗಿಣಿ ಸೋವಿನೋ" ಅಂತ ಕೂಗಿ ಕೇಳ್ತಾರೆ. ಇವರೂ ಹಟಕ್ಕೆ ಬಿದ್ದು ರೇಟು ಇಳಿಸಿದ್ರು. ನೀನು ಮತ್ತೆ ಇಳಿಸಿದೆ. ತಿಂಗಳಿಂದ ನಾವು ಸೋಪು ಮಾರ್ತಾ ಇಲ್ಲ ಕಣೇ, ಎಣ್ಣೆ ಬೀದಿಗೆ ಚೆಲ್ತಾ ಇದ್ದೀವಿ.

ಅಯ್ಯನೋರು ಹೇಳಿ ಕಳಿಸ್ಯಾರೆ, ಎರಡು ಕಡೆಯೋರೂ ಮಠಕ್ಕೆ ಬರಬೇಕಂತೆ. ಇವರು ಹೋಗಲ್ಲ ಅಂತಾರೆ. ನೀನಾದ್ರೂ ಬಾ. ನೀನು ಬಂದ್ರೆ ನಾನು ಇವರನ್ನ ಹೆಂಗಾದ್ರೂ ಮಾಡಿ ಎಳಕಂಡು ಬರ್ತೀನಿ.

ವೀರಮ್ಮ


ಹೊಸದುರ್ಗ
12-4-1978

ಅಕ್ಕ,

ಜನವರಿ ಕಾಗದಕ್ಕೆ ಉತ್ತರ ಬರೀಲಿಲ್ಲ, ಮಠಕ್ಕೂ ಬರಲಿಲ್ಲ. ಬಂದಿದ್ರೆ ಏನಾದ್ರೂ ಉಳೀತಿತ್ತೋ ಏನೋ.

ನಿನ್ನೆ ರಿಜಿಸ್ಟರ್ ಪೋಸ್ಟು ಬಂತು. ಬೊಂಬಾಯಿ ಕಂಪನಿ ವಕೀಲರದ್ದು. ಹೈಸ್ಕೂಲ್ ಮೇಷ್ಟ್ರು ಕಾಟಲಿಂಗಪ್ಪನೋರು ಓದಿ ಹೇಳಿದ್ರು. ಎರಡು ಗಿಣಿ ಮಾರ್ಕು ಇನ್ನು ಮ್ಯಾಲೆ ಕಂಪನಿದಂತೆ. ಹಿರಿಯೂರು ಶಿವಕುಮಾರಪ್ಪನೋರು ತಮ್ಮ ಶೆಡ್ಡಿನ ಜೊತೆ ಮಾರ್ಕನ್ನೂ ಕಂಪನಿಗೆ ಕ್ರಯ ಮಾಡ್ಯಾರಂತೆ. ನಾನು ಗಿಣಿ ಒತ್ತಿದ ಒಂದು ಸೋಪು ಮಾರಿದ್ರೂ ಕೋರ್ಟಿಗೆ ಎಳೀತಾರಂತೆ. ಮಾರ್ಕು ರಿಜಿಸ್ಟರ್ ಮಾಡಿಸುವಾಗ ಹಿರೇರು ಅಂತ ಭಾವನ ಒಬ್ಬರ ಹೆಸರಲ್ಲೇ ಮಾಡಿಸಿದ್ದು ನಮ್ಮ ತಪ್ಪೇ ಅನ್ನು. ನಮ್ಮನೋರು ಆಗ "ಒಂದೇ ಮನೆ ಅಲ್ಲವಾ" ಅಂದಿದ್ರು.

ನಮ್ಮ ಸೋಪು ತಗಳ್ಳೋ ಜನ ಅಕ್ಷರ ಓದೋರಲ್ಲ. ಗಿಣಿ ಐತಾ ಅಂತ ಬೆರಳಾಡಿಸಿ ನೋಡಿ ಸೆರಗಿಗೆ ಹಾಕ್ಕಳ್ಳೋರು. ಗಿಣಿ ಇಲ್ಲದ ಸೋಪು ಅವರಿಗೆ ಮಣ್ಣಿನ ಹೆಂಟೆ. ಶೆಡ್ಡಿನಾಗೆ ದುರುಗಕ್ಕನೂ ಸೇರಿ ಉಳಿದಿರೋ ನಾಕು ಜನ ನನ್ನ ಮುಖ ನೋಡ್ತಾ ಕುಂತವ್ರೆ. ಅವರಿಗೆ ಏನು ಹೇಳ್ಲಿ? ನಮ್ಮಪ್ಪ ಗೋಡೆ ಮ್ಯಾಲೆ ಬರೆದಿದ್ದು ನಮ್ಮಿಬ್ಬರನ್ನ. ನಿನ್ನ ಗಂಡ ನಿನ್ನ ಮಾರ್ಕಂಡ್ರೆ ಅದು ಅವರಿಷ್ಟ. ನನ್ನ ಯಾಕೆ ಮಾರಿದ್ರು?

ಗಂಗಿ


ಹಿರಿಯೂರು
2-5-1978

ಗಂಗಿ, ಈ ಕಾಗದ ಹರಿದು ಹಾಕೋ ಮುಂಚೆ ಪೂರ್ತಿ ಓದು.

ಹೋದ ವರ್ಷ ಶ್ರಾವಣಕ್ಕೆ ಮುಂಚೆ ಒಬ್ಬ ಬಂದಿದ್ದ, ನಾಗರಾಜಪ್ಪ ಅಂತ. ಜುಬ್ಬ, ಹೆಗಲ ಮ್ಯಾಲೆ ಟವಲ್ಲು, ನಮ್ಮ ದಲ್ಲಾಳಿಗಳಂಗೇ ಇದ್ದ. ಅನಂತಪುರದ ಕಡೆ ಸಾವ್ಕಾರ, ನಿಮ್ಮ ಸೋಪು ಎಷ್ಟಿದ್ರೂ ಅಲ್ಲಿಗೆ ಬೇಕು ಅಂದ. ಜಗಲಿ ಮ್ಯಾಲೆ ಕುಂತು ಟವಲ್ಲಿನ ಕೆಳಗೆ ಬೆರಳಾಡಿಸಿದ್ರು, ಲಾರಿ ತುಂಬ್ತು. "ಗಟ್ಟಿಯಾಗೋ ಗಂಟ ಯಾರಿಗೂ ಹೇಳಬ್ಯಾಡ, ಗಂಗಿಗೂ ಬರೀಬ್ಯಾಡ" ಅಂತ ಇವರು ನನ್ನ ಕೈಲಿ ಲಿಂಗ ಮುಟ್ಟಿಸಿ ಆಣೆ ಹಾಕಿಸಿದ್ರು. ನಾನು ಬರೀಲಿಲ್ಲ. ನೀನು ಒಂದು ಗೆರೆ ಕೇಳಿದಾಗ ಆ ಹೆಸರು ನನ್ನ ಪೆನ್ನಿನ ತುದಿಗೆ ಬಂದು ನಿಂತಿತ್ತು. ಅನಂತಪುರಕ್ಕೆ ಹೋದ ಸೋಪು ಹೊಳಲ್ಕೆರೆಗೆ ಹೆಂಗೆ ಬರ್ತೈತೆ ಅಂತ ಇವರನ್ನ ನಾನು ಕೇಳಿದ್ದೂ ಉಂಟು. ಇವರೂ ಆಗ ಬೆಪ್ಪಾಗಿ ನೋಡಿದ್ರು. ಅಷ್ಟರಾಗೆ ನಿನ್ನ ಗಾಡಿ ಜವನಗೊಂಡನಹಳ್ಳಿಗೆ ಬಂತು. ಆಮೇಲೆ ಯಾರು ಯಾರನ್ನ ಕೇಳ್ತಾರೆ, ಸಿಟ್ಟು ಬಂದಾಗ ಕಿವಿ ಇರಲ್ಲ.

ಅವನು ಸಾವ್ಕಾರ ಅಲ್ಲ ಕಣೇ, ಬೊಂಬಾಯಿ ಕಂಪನಿ ಮನುಷ್ಯ. ನಮ್ಮ ಸೋಪು ತಗಂಡು ಲುಕ್ಸಾನು ಮಾಡ್ಕಂಡು ನಿನ್ನ ಸಂತೆಯಾಗೆ ಸುರಿದ. ಬೆಂಕಿ ಹಚ್ಚಿದೋನು ಅವನು, ಊದಿದೋರು ನಾವು. ಫೆಬ್ರವರಿಯಾಗೆ ಇಬ್ಬರೂ ಸಾಯೋ ಹಂಗಾದಾಗ ಮತ್ತೆ ಬಂದ, ಈ ಸಲ ಕಾರಿನಾಗೆ. "ನಿಮ್ಮ ನಾದಿನಿನೇ ನಿಮ್ಮನ್ನ ಮುಗಿಸಿದ್ರಲ್ಲ ಸಾಮಿ. ಶೆಡ್ಡು ಕಂಪನಿಗೆ ಕೊಡ್ರಿ, ನೀವೇ ಮ್ಯಾನೇಜರಾಗಿರ್ರಿ" ಅಂದ. ಟವಲ್ಲು ಹಾಕಿದ್ರು. ಒಳಬಾಗಿಲ ಹಿಂದೆ ನಾನು ನಿಂತಿದ್ದೆ. ಇವರ ಮೊಣಕೈ ಅಲುಗೋದು ಮಾತ್ರ ಕಾಣ್ತಿತ್ತು. ಒಂದು ಗಳಿಗೆಯಾಗೆ ಮುಗೀತು.

ಮಾರನೇ ದಿನ ಒಂದು ಕಟ್ಟು ಕಾಗದ ತಂದ, ಇಂಗ್ಲೀಷಿನಾಗೆ. "ವಕೀಲರಿಗೆ ತೋರಿಸಾಣ, ಓದಿಸಿ ಕೇಳ್ರಿ" ಅಂತ ನಾನು ಒಳಗಿಂದ ಅಂದೆ. ನಿಮ್ಮ ಭಾವ ಏನಂದ್ರು ಗೊತ್ತಾ? "ಬೆರಳು ಒತ್ತಿ ಆಗೈತೆ. ಒತ್ತಿದ ಮ್ಯಾಲೆ ಕಾಗದ ಓದಿಸಿದ್ರೆ ಎದುರಿನ ಮನುಷ್ಯನ್ನ ಕಳ್ಳ ಅಂದಂಗೆ." ಎಲ್ಲಾ ಹಾಳೆಗೂ ಸೈನು ಹಾಕಿದ್ರು. ಮಾರಿದ್ದು ಶೆಡ್ಡು, ಕಡಾಯಿ ಅಂತ ತಿಳಕಂಡಿದ್ರು. ಗಿಣಿನೂ ಅದರಾಗೆ ಐತೆ ಅಂತ ನಿನ್ನ ಕಾಗದ ಓದಿದಾಗಲೇ ಇವರಿಗೆ ಗೊತ್ತಾಗಿದ್ದು. ಇವರಾಗಲಿ, ಗಂಡುಮಕ್ಕಳಾಗಲಿ, ಅಣ್ಣತಮ್ಮಂದಿರಾಗಲಿ ಹತ್ತು ವರ್ಷ ಈ ಸೀಮೆಯಾಗೆ ಸೋಪು ಬೇಯಿಸಂಗಿಲ್ಲ ಅಂತಲೂ ಐತಂತೆ.

ವಕೀಲರು ಆ ಕಾಗದ ಓದಿ ಹೇಳಿದ ಮ್ಯಾಲೆ ಇವರು ತಮ್ಮ ಬಲಗೈ ಅಂಗೈ ಮಾಡಿ ನೋಡ್ಕಂತಾ ಕುಂತಿದ್ರು. ಅವತ್ತಿಂದ ಹೆಗಲ ಮ್ಯಾಲೆ ಟವಲ್ಲು ಹಾಕಲ್ಲ.

ಬೇಕಂತ ನಿನ್ನನ್ನ ಮಾರಲಿಲ್ಲ ಗಂಗಿ. ನಿನ್ನ ಮಾರಿದ್ದು ಇವರಿಗೇ ಗೊತ್ತಾಗಲಿಲ್ಲ. ಅದಕ್ಕಿಂತ ಇದು ವಾಸಿ ಅಂತ ನಾನು ಹೇಳಲ್ಲ.

ವೀರಕ್ಕ


ಹೊಸದುರ್ಗ
18-8-1978

ಅಕ್ಕನಿಗೆ ಗಂಗಿಯ ಶರಣು.

ಮೂರು ತಿಂಗಳು ಸಿಟ್ಟು ಇಟ್ಕಂಡಿದ್ದೆ. ಇಟ್ಕಂಡು ಸಾಕಾತು. ಶ್ರಾವಣ ಬಂತು, ನೀನು ಹೋದ ವರ್ಷ ಸೋತು ಬರೆದಿದ್ದೆ, ಈ ವರ್ಷ ನಾನು ಸೋತೀನಿ.

ಭಾವನ ಮ್ಯಾಲೆ ನನಗೆ ಈಗ ಸಿಟ್ಟಿಲ್ಲ, ಅವರಿಗೆ ತಿಳಿಸು. ಪಾಲಯ್ಯನ್ನ ಕೇಳಿದೆ, "ನೀನಾಗಿದ್ರೆ ಕಾಗದ ಓದಿಸ್ತಿದ್ದೇನೋ?" ಅಂತ. ಅವನು ತಲೆ ಕೆರಕಂಡು "ಇಲ್ಲ ಅಮ್ಮೋರೆ, ಅದು ಹೆಂಗಾಗ್ತೈತೆ, ನಾಚಿಕೆ" ಅಂದ. ನಮ್ಮ ಸಂತೆಯೋರೆಲ್ಲ ಹಂಗೇ. ಕಂಪನಿಯೋರು ನಮ್ಮ ಟವಲ್ಲು ಕಲಿತ್ರು, ನಾವು ಅವರ ಕಾಗದ ಕಲೀಲಿಲ್ಲ.

ಅಚ್ಚು ಎತ್ತಿಟ್ಟೆ. ಗಿಣಿ ಇಲ್ಲದ ಸೋಪು ಹೊಳಲ್ಕೆರೆಗೆ ತಗಂಡು ಹೋದೆ. ಒಬ್ಬ ಮುದುಕಿ ಬಂದು ಸೋಪು ತಿರುಗಿಸಿ ತಿರುಗಿಸಿ ನೋಡಿ, "ಗಿಣಿ ಎಲ್ಲಿಗೆ ಹೋದ್ವು ತಾಯಿ?" ಅಂದ್ಲು. "ಹಾರಿ ಹೋದ್ವು ಕಣಜ್ಜಿ" ಅಂದೆ. "ಹಂಗಾದ್ರೆ ಇದು ನಿಂದು ಅಂತ ಹೆಂಗೆ ಗೊತ್ತಾಗಬೇಕು?" ಅಂದು ಇಟ್ಟು ಹೋದ್ಲು. ಬೆಳಗ್ಗಿಂದ ಸಂಜೆ ಗಂಟ ಅದೇ ಮಾತು. ಎದುರಿಗೆ ಕಂಪನಿಯೋರು ನಮ್ಮ ಗಿಣಿನೇ ಕಾಗದದ ಮ್ಯಾಲೆ ಅಚ್ಚಾಕಿಸಿ ಮಾರ್ತಾ ಇದ್ರು.

ವಾಪಸು ಗಾಡಿಯಾಗೆ ದುರುಗಕ್ಕ ಹೇಳಿದ್ಲು, "ಅಮ್ಮ, ಕೇಳೋರಿಗೆ ನಿಮ್ಮ ಹೆಬ್ಬೆಟ್ಟು ತೋರಿಸ್ರಿ. ಸರ್ಕಾರವೇ ಹೆಬ್ಬೆಟ್ಟು ನಂಬ್ತೈತೆ, ಮುದುಕಿ ನಂಬಲ್ಲೇನು?" ತಮಾಷೆಗೆ ಅಂದ್ಲು. ನಾನು ಮಾರನೇ ದಿನ ಸೋಪು ಗಟ್ಟಿಯಾಗೋ ಮುಂಚೆ ಒಂದೊಂದಕ್ಕೂ ಹೆಬ್ಬೆಟ್ಟು ಒತ್ತಿದೆ. ಮುಂದಿನ ಸಂತೆಯಾಗೆ ಅದೇ ಮುದುಕಿ ಬಂದ್ಲು. ನನ್ನ ಕೈ ಹಿಡಕಂಡು ಹೆಬ್ಬೆಟ್ಟನ್ನ ಆ ಗುಳಿಯಾಗೆ ಇಟ್ಟು ನೋಡಿದ್ಲು, ಸರಿಯಾಗಿ ಕುಂತ್ಕಂತು. ಎಲ್ಲರ ಎದುರಿಗೇ, ಬಿಸಿಲಿನಾಗೆ. ಎರಡು ತಗಂಡ್ಲು. ಅವಳ ಹಿಂದೆ ಇನ್ನೊಂದಿಬ್ಬರು ಬಂದ್ರು.

ಆದ್ರೆ ಬಂದೋರು ನಿಲ್ತಾ ಇಲ್ಲ, ಯಾಕಂದ್ರೆ ಪಾಕ ಹಿಡೀತಾ ಇಲ್ಲ. ಈಗ ಹೊಂಗೆ ಎಣ್ಣೆ ಸಿಗ್ತಿಲ್ಲ, ಬೇವು, ಹಿಪ್ಪೆ ಎಲ್ಲಾ ಬೆರೆಸಿ ಮಾಡಬೇಕು. ಒಂದು ಸಲ ಒಡೆದು ನೀರಾಗ್ತೈತೆ, ಒಂದು ಸಲ ಕಾಸ್ಟಿಕ್ ಉಳಕಂಡು ಒಗೆಯೋರ ಕೈ ಬಿರೀತೈತೆ. ದುರುಗಕ್ಕನ ಕೈ ನೋಡಿದ್ರೆ ನಿನಗೆ ಅಳು ಬರ್ತೈತೆ. ದೀಪಾವಳಿ ಗಂಟ ನೋಡ್ತೀನಿ. ಆಮೇಲೆ ಶೆಡ್ಡಿಗೆ ಬೀಗ ಹಾಕಬೇಕಾಗ್ತೈತೆ. ನೀನು ಬಂದು ಪಾಕ ತೋರಿಸ್ಕೊಡು ಅಂತ ಬರಿಯಾಕೆ ಕೂತೆ, ಭಾವನ ಕಾಗದದಾಗೆ ಹತ್ತು ವರ್ಷ ಬೇಯಿಸಂಗಿಲ್ಲ ಅಂತ ಐತಲ್ಲ, ಅದು ನೆನಪಾತು. ಅದಕ್ಕೆ ಕೇಳ್ತಾ ಇಲ್ಲ.

ನಿನ್ನ
ಗಂಗಿ


ಹಿರಿಯೂರು
5-11-1978

ಚಿ. ಗಂಗಿಗೆ ವೀರಕ್ಕನ ಆಶೀರ್ವಾದ.

ನಿನ್ನ ಕಾಗದಕ್ಕೆ ತಡ ಮಾಡಿದೆ. ಬರಿಯಾಕೆ ಏನೂ ಇರಲಿಲ್ಲ. ಈಗ ಐತೆ.

ಬೊಂಬಾಯಿ ಕಂಪನಿ ಯಾವುದೋ ವಿಲಾಯ್ತಿ ಕಂಪನಿ ಜೊತೆ ಸೇರಿ ಒಂದಾತಂತೆ. ಪೇಪರಿನಾಗೆ ಬಂದಿತ್ತು, ದೊಡ್ಡ ಒಪ್ಪಂದ ಅಂತೆ, ದೊಡ್ಡ ದೊಡ್ಡೋರು ಕೈ ಕುಲುಕಿದ ಫೋಟೋ ಇತ್ತು. ನಿಮ್ಮ ಭಾವ ತಮ್ಮ ಕಂಪನಿ ಸುದ್ದಿನ ಚಾದಂಗಡಿಯಾಗೆ ಓದಿ ತಿಳಕಂಡ್ರು. ಆಮೇಲೆ ಒಂದು ಕಾಗದ ಬಂತು. ಹಿರಿಯೂರಿನ ಶೆಡ್ಡು ಲಾಭದ್ದಲ್ಲ, ಮುಚ್ತೀವಿ. ಮ್ಯಾನೇಜರ್ ಕೆಲಸವೂ ಇಲ್ಲ. ನಮ್ಮಲ್ಲಿ ಕೆಲಸಕ್ಕಿದ್ದೋರೆಲ್ಲ ಅವತ್ತು ಸಂಜೆ ಬುತ್ತಿ ಡಬ್ಬಿ ತಗಂಡು ಮನೆಗೆ ಹೋದ್ರು. ಒಬ್ಬೊಬ್ಬರೂ ಇವರಿಗೆ ಕೈ ಮುಗಿದೇ ಹೋದ್ರು. ಬೈದಿದ್ರೆ ವಾಸಿಯಿತ್ತು.

ನಮ್ಮ ಗಿಣಿ ಸೋಪು ಈಗ ಬ್ಯಾರೆಲ್ಲೋ ಬೇಯ್ತೈತೆ. ಅಂಗಡಿಯಾಗೆ ಒಂದು ತಗಂಡು ನೋಡಿದೆ. ನಿಂಬೆಹಣ್ಣಿನ ವಾಸನೆ ಹಾಕ್ಯಾರೆ. ಕಾಗದದ ಮ್ಯಾಲೆ ಎರಡೂ ಗಿಣಿ ಒಂದೇ ಕಡೆ ಮುಖ ಮಾಡ್ಕಂಡು ಕುಂತವೆ. ಎದುರಾಬದುರು ಇಲ್ಲ, ಒಂದರ ಮುಖ ಒಂದು ನೋಡಲ್ಲ. ನಾನು ಅಂಗಡಿ ಮುಂದೆನೇ ಅತ್ತುಬಿಟ್ಟೆ.

ದೀಪಾವಳಿ ಮುಗಿದ ಮಾರನೇ ದಿನ ಕಡಾಯಿ ಹೊರಿಸಾಕೆ ಲಾರಿ ಬಂತು, ಗುಜರಿಗೆ. ನಾಗರಾಜಪ್ಪನೇ ಬಂದಿದ್ದ, ಅವನ ಮುಖವೂ ಸಪ್ಪಗಿತ್ತು, ಅವನ ಕೆಲಸಕ್ಕೂ ಕುತ್ತು ಬಂದೈತಂತೆ. ಇವರು ಹಿತ್ತಿಲಿಗೆ ಹೋಗಿ ಕುಂತ್ರು. ನಾನು ಸೆರಗು ಹೊದ್ದು ಜಗಲಿಗೆ ಬಂದೆ. ಇಷ್ಟು ವರ್ಷದಾಗೆ ಪರಗಂಡಸಿನ ಎದುರು ಆ ಜಗಲಿ ಮ್ಯಾಲೆ ನಿಂತಿದ್ದು ಅದೇ ಮೊದಲು. ಕೇಳಿದೆ, "ಹತ್ತು ವರ್ಷ ಸೋಪು ಬೇಯಿಸಬಾರದು ಅಂತ ಬರೆಸ್ಕಂಡ್ರಲ್ಲ, ಅದರಾಗೆ ನಾನೂ ಇದ್ದೀನಾ?"

ಅವನಿಗೆ ಮೊದಲು ತಿಳೀಲಿಲ್ಲ. ಆಮೇಲೆ ನಕ್ಕ. "ನೀವಾ? ಯಜಮಾನ್ರು, ಗಂಡುಮಕ್ಕಳು, ಅಣ್ಣತಮ್ಮಂದಿರು, ಅಷ್ಟೇ. ಹೆಂಗಸರ ಹೆಸರು ಯಾಕಮ್ಮ ಬರೀತಾರೆ?" ಅಂದ.

"ಟವಲ್ಲಿನ ಕೆಳಗೆ?"

"ನಿಮ್ಮ ಬೆರಳು ಯಾರು ಹಿಡೀತಾರಮ್ಮ" ಅಂದು ಇನ್ನೂ ನಕ್ಕ.

ನಗಲಿ ಬಿಡು. ಹುಟ್ಟಿದಾಗಿನಿಂದ ಆ ಟವಲ್ಲಿನಿಂದ ನಮ್ಮನ್ನ ಹೊರಗೇ ಇಟ್ರು. ನಿನಗೂ ನನಗೂ ಆ ಟವಲ್ಲೇ ಅಡ್ಡ ಬಂತು, ಒಂದು ಗೆರೆ ಬರಿಯಾಕಾಗದಂಗೆ ಮಾಡ್ತು. ಈಗ ನೋಡು, ಇವರ ಕೈ ಕಟ್ಟೈತೆ, ಮಕ್ಕಳ ಕೈ ಕಟ್ಟೈತೆ, ನನ್ನ ಕೈ ಹಂಗೇ ಐತೆ. ನಾನು ಯಾರಿಗೂ ಮಾತು ಕೊಟ್ಟಿಲ್ಲ.

ಇವರಿಗೆ ಹೇಳಿದೆ. ಕೇಳಿ ಎದ್ದು ಹೋಗಿ ಲಾರಿ ಪಕ್ಕ ಬಿದ್ದಿದ್ದ ನನ್ನ ಮರದ ಹುಟ್ಟು ತಗಂಡು ಬಂದ್ರು, ನಾನು ಪಾಕ ತಿರುವೋದು, ಹಿಡಿ ಹತ್ರ ನನ್ನ ಕೈಯಿಂದ ಸವೆದಿರೋದು. ಅದನ್ನ ಸೀಗೆಪುಡಿ ಹಾಕಿ ತೊಳೆದ್ರು, ಒರೆಸಿದ್ರು, ನನ್ನ ಕೈಗೆ ಕೊಟ್ರು. "ಗಂಗಿಗೆ ಹೇಳು" ಅಂದ್ರು. ಅಷ್ಟಂದು ಹೊಸದುರ್ಗದ ಬಸ್ಸಿನ ಹೊತ್ತು ಕೇಳ್ಕಂಡು ಬರಾಕೆ ಹೋದ್ರು. ನಾನು ಅಲ್ಲೇ ಇದ್ದು ಪಾಕ ನೋಡ್ತೀನಿ, ಇವರು ಇಲ್ಲೇ ಇರ್ತಾರೆ, ಹದಿನೈದು ದಿನಕ್ಕೊಮ್ಮೆ ಬಂದು ನೋಡ್ಕಂಡು ಹೋಗ್ತೀನಿ. ತಾವೇ ಬಡಿಸ್ಕಂಡು ಉಣ್ಣಬೇಕು, ಆದ್ರೂ ಬರ್ತೀನಿ.

ಮುಂದಿನ ಸೋಮವಾರ ಬೆಳಗಿನ ಬಸ್ಸಿಗೆ ಬರ್ತೀನಿ. ಶೆಡ್ಡಿಗೆ ಬೀಗ ಹಾಕಿದ್ರೆ ತೆಗಿ. ಕಾಸ್ಟಿಕ್ ನೀರು ಹಿಂದಿನ ದಿನವೇ ಕಲಸಿ ಆರಾಕೆ ಬಿಡು, ನೀನು ನಾಲಿಗೆ ಮುಟ್ಟಿಸಬ್ಯಾಡ, ನಾನೇ ನೋಡ್ತೀನಿ. ದುರುಗಕ್ಕನ ಕೈಗೆ ಕೊಬ್ಬರಿ ಎಣ್ಣೆ ತರ್ತೀನಿ.

ಇನ್ನೊಂದು ಮಾತು. ಆ ಸೋಪಿನ ಮ್ಯಾಲೆ ನಿನ್ನ ಹೆಬ್ಬೆಟ್ಟು ನಡುಮಧ್ಯ ಒತ್ತಬ್ಯಾಡ. ಎಡಗಡೆಗೆ ಒತ್ತು. ಬಲಗಡೆ ನನಗೆ ಜಾಗ ಬಿಡು.

ನಿನ್ನ
ವೀರಿ